ಟೆಕ್ನಾಲಜಿ ನಂಗೆ ಎಷ್ಟು ಬರುತ್ತೆ? ಟೀಚರ್‌ಗಳ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸರ್, ನಮಸ್ಕಾರ. ನಾನು ಹೈಸ್ಕೂಲಲ್ಲಿ ಸೈನ್ಸ್ ಟೀಚರ್, ಸರ್ವಿಸ್ ಸುಮಾರು ಆಗಿದೆ. ಈ ಸಲ ಎಲ್ರಿಗೂ ಒಂದು ಫಾರಂ ಕೊಟ್ಟಿದ್ದಾರೆ, ಕ್ಲಾಸ್‌ರೂಮ್ ಟೆಕ್ನಾಲಜಿಯಲ್ಲಿ ನಿಮ್ಮ ಸ್ಕಿಲ್ ಎಷ್ಟಿದೆ ಅಂತ ನೀವೇ 1ರಿಂದ 5ರ ತನಕ ಮಾರ್ಕ್ಸ್ ಹಾಕ್ಕೊಂಡು ಕಾರಣನೂ ಬರೀಬೇಕಂತೆ. ಸ್ಮಾರ್ಟ್ ಬೋರ್ಡ್ ಓಡಿಸ್ತೀನಿ, ಪಿಪಿಟಿ ಮಾಡ್ತೀನಿ, ಗೂಗಲ್ ಫಾರ್ಮಲ್ಲಿ ಟೆಸ್ಟ್ ಕೊಡ್ತೀನಿ, ವಿಡಿಯೋ ತೋರಿಸ್ತೀನಿ, ಇದನ್ನೆಲ್ಲ ನೋಡಿದ್ರೆ 4 ಹಾಕ್ಬೋದು. ಆದ್ರೆ ಹೊಸದಾಗಿ ಸೇರಿರೋ ಚಿಕ್ಕ ವಯಸ್ಸಿನ ಟೀಚರ್‌ಗಳು ದಿನಾ ಒಂದೊಂದು ಆಪ್ ತರ್ತಾರೆ, ಅವ್ರನ್ನ ನೋಡಿದ್ರೆ ನಂದು 2 ಅನ್ಸುತ್ತೆ. ನಿಜವಾಗ್ಲೂ ನಂಗೆ ಎಷ್ಟು ಬರುತ್ತೆ ಅಂತ ಹೇಗೆ ತಿಳ್ಕೊಳ್ಳೋದು?

ಉತ್ತರ: ಮೇಡಂ, ಫಾರಂ ತುಂಬೋದನ್ನ ಸ್ವಲ್ಪ ಮುಂದಕ್ಕೆ ಹಾಕಿ, ಯಾಕಂದ್ರೆ ಅದು ಮೂರ್ನಾಲ್ಕು ಬೇರೆ ಬೇರೆ ವಿಷಯಕ್ಕೆ ಒಂದೇ ನಂಬರ್ ಕೇಳ್ತಿದೆ. ಬೋರ್ಡ್ ಆನ್ ಮಾಡೋಕೆ ಬರೋದು ಒಂದು. ಯಾವ ಪಾಠಕ್ಕೆ ಯಾವುದು ಬೇಕು ಅಂತ ಆರಿಸೋಕೆ ಬರೋದು ಇನ್ನೊಂದು. ಅದನ್ನ ಹಾಕಿದ್ಮೇಲೆ ಮಕ್ಕಳ ತಲೆಯಲ್ಲಿ ಏನಾಯ್ತು ಅಂತ ಕಂಡುಹಿಡಿಯೋದು ಮತ್ತೂ ಬೇರೆ. ನೀವು ಪಟ್ಟಿ ಮಾಡಿರೋದೆಲ್ಲಾ ಮೊದಲನೇದು, ಉಳಿದಿದ್ದರ ಬಗ್ಗೆ ನೀವು ಏನೂ ಬರೆದಿಲ್ಲ. ಹಾಗಾಗಿ 4 ಸರೀನೋ 2 ಸರೀನೋ ಅಂತ ನಿಮ್ಮ ಪತ್ರ ನೋಡಿ ನಾನಂತೂ ಹೇಳೋಕಾಗಲ್ಲ.

ಈ ವಿಷಯಾನ ಚೆನ್ನಾಗಿ ಬಿಡಿಸಿಟ್ಟವ್ರು ಇದ್ದಾರೆ. 1986ರಲ್ಲಿ ಲೀ ಶುಲ್ಮನ್ ಅನ್ನೋ ಶಿಕ್ಷಣ ತಜ್ಞರು ಒಂದು ಮಾತು ಹೇಳಿದ್ರು, ಸಬ್ಜೆಕ್ಟ್ ಗೊತ್ತಿರೋದು ಬೇರೆ, ಪಾಠ ಮಾಡೋ ವಿಧಾನ ಗೊತ್ತಿರೋದು ಬೇರೆ, ಇವೆರಡೂ ಸೇರೋ ಜಾಗದಲ್ಲಿ ಟೀಚರ್‌ಗೆ ಮಾತ್ರ ಇರೋ ಮೂರನೇ ಒಂದು ಜ್ಞಾನ ಇದೆ ಅಂತ. ಅಂದ್ರೆ ಈ ಪಾಠದಲ್ಲಿ ಮಕ್ಕಳು ಎಲ್ಲಿ ಎಡವ್ತಾರೆ, ಯಾವ ಉದಾಹರಣೆ ಕೊಟ್ರೆ ದಾರಿಗೆ ಬರ್ತಾರೆ ಅನ್ನೋದು. 2006ರಲ್ಲಿ ಪುನ್ಯಾ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ ಇದಕ್ಕೆ ಟೆಕ್ನಾಲಜಿನೂ ಸೇರಿಸಿದ್ರು. ಟ್ರೈನಿಂಗಲ್ಲಿ ಟಿಪ್ಯಾಕ್ ಅಂತ ಹೇಳ್ತಾರಲ್ಲ, ಒಂದರ ಮೇಲೊಂದು ಬಿದ್ದಿರೋ ಮೂರು ವೃತ್ತ, ಅದೇ ಇದು. ಟ್ರೈನಿಂಗಲ್ಲಿ ಚಿತ್ರ ತೋರಿಸಿ ಮುಂದಕ್ಕೆ ಹೋಗ್ಬಿಡ್ತಾರೆ, ನಂಗೆ ಅದು ಬೇಜಾರು, ಯಾಕಂದ್ರೆ ಇರೋ ವಿಷಯ ಎಲ್ಲಾ ಆ ಮೂರೂ ಸೇರೋ ನಡುವಿನ ಜಾಗದಲ್ಲೇ ಇದೆ.

ನೀವು ಸೈನ್ಸ್ ಟೀಚರ್ ಆಗಿರೋದ್ರಿಂದ ಎಲೆಕ್ಟ್ರಿಕ್ ಸರ್ಕ್ಯೂಟ್ ಪಾಠಾನೇ ತಗೊಳ್ಳೋಣ. ಫೆಟ್ ಅಂತ ಸಿಮ್ಯುಲೇಶನ್‌ಗಳಿವೆ, ನಿಮಗೂ ಗೊತ್ತಿರ್ಬೋದು, ನೊಬೆಲ್ ಬಂದ ಭೌತ ವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೋ ಯೂನಿವರ್ಸಿಟಿಯಲ್ಲಿ ಶುರು ಮಾಡಿದ್ದು, ಪುಕ್ಕಟೆ ಸಿಗುತ್ತೆ. ಅದರಲ್ಲಿ ಬ್ಯಾಟರಿ, ವೈರು, ಬಲ್ಬು ಎಳೆದು ಜೋಡಿಸಿದ್ರೆ ಎಲೆಕ್ಟ್ರಾನ್‌ಗಳು ಓಡೋದು ಕಾಣುತ್ತೆ. ಇದನ್ನ ತೆಗೆದು ಜೋಡಿಸೋಕೆ ಯಾರಿಗಾದ್ರೂ ಹತ್ತು ನಿಮಿಷ ಸಾಕು. ಆದ್ರೆ ಸರ್ಕ್ಯೂಟ್ ವಿಷಯದಲ್ಲಿ ಮಕ್ಕಳ ತಲೆಯಲ್ಲಿ ಗಟ್ಟಿಯಾಗಿ ಕೂತಿರೋ ಒಂದು ತಪ್ಪು ನಂಬಿಕೆ ಇದೆ, ಕರೆಂಟು ಬಲ್ಬಿನಲ್ಲಿ ಖರ್ಚಾಗುತ್ತೆ, ಹಾಗಾಗಿ ಬಲ್ಬ್ ದಾಟಿದ್ಮೇಲೆ ಕಮ್ಮಿ ಇರುತ್ತೆ ಅಂತ. ಎಷ್ಟೋ ದೇಶದ ಮಕ್ಕಳಲ್ಲಿ ಇದೇ ತಪ್ಪು ಕಂಡುಬಂದಿದೆ, ಎಷ್ಟು ಸಲ ಬಾಯಲ್ಲಿ ಹೇಳಿದ್ರೂ ಹೋಗಲ್ಲ. ಇದು ಗೊತ್ತಿರೋ ಟೀಚರ್ ಏನ್ ಮಾಡ್ತಾರೆ ಅಂದ್ರೆ, ಸ್ವಿಚ್ ಒತ್ತೋಕೆ ಮುಂಚೆನೇ ನಿಲ್ಲಿಸ್ತಾರೆ. ಬಲ್ಬಿನ ಈ ಕಡೆ ಒಂದು ಆಮ್ಮೀಟರ್, ಆ ಕಡೆ ಒಂದು ಆಮ್ಮೀಟರ್, ಯಾವುದು ಜಾಸ್ತಿ ತೋರಿಸುತ್ತೆ, ಯಾಕೆ, ನೋಟ್‌ಬುಕ್ಕಲ್ಲಿ ಬರೀರಿ ಅಂತಾರೆ. ಎಲ್ರೂ ಬರೆದಾದ್ಮೇಲೆ ಸ್ವಿಚ್ ಒತ್ತುತ್ತಾರೆ. ಎರಡರಲ್ಲೂ ಒಂದೇ ರೀಡಿಂಗ್ ಬಂದಾಗ ಕ್ಲಾಸಲ್ಲಿ ಏಳುತ್ತಲ್ಲ ಆ ಗಲಾಟೆ, ಹಾಗಾದ್ರೆ ಬಲ್ಬ್ ಉರಿದಿದ್ದು ಯಾತರಿಂದ ಸರ್ ಅನ್ನೋ ಪ್ರಶ್ನೆ, ಪಾಠ ಶುರುವಾಗೋದೇ ಅಲ್ಲಿ. ಅದೇ ಟೀಚರ್ ಇನ್ನೊಂದು ವಿಷಯಾನೂ ಎಚ್ಚರವಾಗಿ ನೋಡ್ಕೋತಾರೆ, ಸ್ಕ್ರೀನ್ ಮೇಲೆ ಎಲೆಕ್ಟ್ರಾನು ಜೋರಾಗಿ ಓಡೋದನ್ನ ಮಕ್ಕಳು ನಿಜ ಅಂತ ತಗೊಂಡುಬಿಡ್ತಾರೆ, ನಿಜವಾದ ವೈರಲ್ಲಿ ಅವು ಸರಿಯೋದು ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಮಿಲಿಮೀಟರಿಗಿಂತಲೂ ಕಮ್ಮಿ. ಇದನ್ನ ಬಾಯಿಬಿಟ್ಟು ಹೇಳದೇ ಇದ್ರೆ ಒಂದು ತಪ್ಪು ಕಲ್ಪನೆ ತೆಗೆದು ಇನ್ನೊಂದನ್ನ ಕೂರಿಸಿದ ಹಾಗಾಗುತ್ತೆ.

ಅದೇ ಸಿಮ್ಯುಲೇಶನ್, ಅದೇ ಬೋರ್ಡು, ಇಬ್ರು ಟೀಚರ್. ಒಬ್ರು ಜೋಡಿಸಿ ತೋರಿಸಿ ನೋಡಿ ಮಕ್ಕಳೇ ಹೀಗಾಗುತ್ತೆ ಅಂದ್ರು, ಇನ್ನೊಬ್ರು ಮೇಲೆ ಹೇಳಿದ ಹಾಗೆ ಮಾಡಿದ್ರು. ಬಟನ್ ಒತ್ತೋ ಸ್ಕಿಲ್ ಇಬ್ರಿಗೂ ಒಂದೇ. ಎರಡನೇ ಟೀಚರ್ ಹತ್ರ ಜಾಸ್ತಿ ಇರೋದು ಸರ್ವಿಸ್‌ನಿಂದ ಬಂದಿದ್ದು ಮೇಡಂ, ಮಕ್ಕಳ ಉತ್ತರ ಕೇಳಿ ಕೇಳಿ ಬಂದಿದ್ದು. ಅದು ನಿಮ್ಮ ಹತ್ರ ಇದೆ, ಅದನ್ನ ಲೆಕ್ಕಕ್ಕೇ ತಗೊಳ್ದೆ 2 ಹಾಕ್ಕೋತೀನಿ ಅಂತೀರಲ್ಲ.

ದೊಡ್ಡ ಸಂಸ್ಥೆಗಳು ಮಾಡಿರೋ ಅಳತೆ ನೋಡಿದ್ರೂ ಇದೇ ಕಾಣುತ್ತೆ. ಯುನೆಸ್ಕೋದವರ ಟೀಚರ್‌ಗಳ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಚೌಕಟ್ಟು, 2018ರಲ್ಲಿ ಅದರ ಮೂರನೇ ಆವೃತ್ತಿ ಬಂತು, ಅದರಲ್ಲಿ 18 ಸಾಮರ್ಥ್ಯ ಪಟ್ಟಿ ಮಾಡಿ ಮೂರು ಹಂತ ಇಟ್ಟಿದ್ದಾರೆ. ಯುರೋಪಿಯನ್ ಕಮಿಷನ್ 2017ರಲ್ಲಿ ಮಾಡಿದ ಡಿಜ್‌ಕಾಂಪ್‌ಎಜು ಅನ್ನೋದರಲ್ಲಿ 22 ಇದೆ, ಭಾಷೆ ಕಲಿಕೆಗೆ ಇಡೋ ಹಾಗೆ ಎ1ರಿಂದ ಸಿ2 ತನಕ ಆರು ಮೆಟ್ಟಿಲು. ಅದರಲ್ಲಿ ಏನೇನಿದೆ ಗೊತ್ತಾ? ಜೊತೆ ಟೀಚರ್‌ಗಳ ಜೊತೆ ಹಂಚ್ಕೊಳ್ಳೋದು, ಸರಿಯಾದ ಸಾಮಗ್ರಿ ಆರಿಸಿ ತನ್ನ ಕ್ಲಾಸಿಗೆ ತಕ್ಕ ಹಾಗೆ ತಿದ್ದೋದು, ಟೆಸ್ಟಲ್ಲಿ ಬಂದ ಉತ್ತರ ನೋಡಿ ಮುಂದಿನ ಪಾಠ ಬದಲಾಯಿಸೋದು, ಕಣ್ಣು ಕಾಣದ ಕಿವಿ ಕೇಳದ ಮಗುಗೂ ಅದು ತಲುಪುತ್ತಾ ಅಂತ ನೋಡೋದು. ಆಪ್ ಎಷ್ಟು ಗೊತ್ತು ಅನ್ನೋ ಕಾಲಂ ಇಲ್ಲ. ನಿಮ್ಮ ಫಾರಂನಲ್ಲಿ ಕಾರಣ ಬರೆಯೋಕೆ ಜಾಗ ಇದ್ಯಲ್ಲ, ಅಲ್ಲಿ ಬಿಡಿಸಿ ಬರೀರಿ, ಉಪಕರಣ ನಡೆಸೋದರಲ್ಲಿ ಇಷ್ಟು, ಆರಿಸೋದರಲ್ಲಿ ಇಷ್ಟು, ಮಕ್ಕಳ ಉತ್ತರ ಓದಿ ಪಾಠ ತಿದ್ದೋದರಲ್ಲಿ ಇಷ್ಟು ಅಂತ. ಯಾವುದರಲ್ಲಿ ಕಮ್ಮಿ ಇದೆ ಅಂತ ಅಲ್ಲೇ ಗೊತ್ತಾಗುತ್ತೆ, ಟ್ರೈನಿಂಗ್ ಕೇಳೋದಿದ್ರೆ ಅದಕ್ಕೆ ಕೇಳಿ.

ನಂಬರ್ ಹಾಕೋಕೆ ಮುಂಚೆ ಸ್ವಲ್ಪ ದಿನ ಒಂದು ಕೆಲಸ ಮಾಡಿ. ಟೆಕ್ನಾಲಜಿ ಉಪಯೋಗಿಸಿದ ಪಾಠ ಮುಗಿದ ಕೂಡ್ಲೇ, ಸ್ಟಾಫ್ ರೂಮಿಗೆ ಹೋಗೋಕೂ ಮುಂಚೆ, ಎರಡು ಸಾಲು ಬರೆದಿಡಿ. ಆ ಹೊತ್ತಲ್ಲಿ ಕೆಲಸ ಮಾಡ್ತಿದ್ದಿದ್ದು ನಾನಾ ಮಕ್ಕಳಾ? ಸ್ಕ್ರೀನ್ ಇಲ್ಲದೇ ಇದ್ದಿದ್ರೆ ಈ ಪಾಠದಲ್ಲಿ ಏನು ಸಿಕ್ತಿರಲಿಲ್ಲ? ಎರಡನೇ ಪ್ರಶ್ನೆಗೆ ಉತ್ತರ ಸಿಗದ ಪಾಠಗಳು ಇದ್ದೇ ಇರ್ತವೆ, ಅಂಥ ಕಡೆ ಸೀಮೆಸುಣ್ಣ ಸಾಕು, ಹಾಗೆ ತೀರ್ಮಾನ ಮಾಡೋದೂ ಈ ಸ್ಕಿಲ್ಲಿನ ಭಾಗಾನೇ. ಬೋರ್ಡ್ ಆಫ್ ಮಾಡಿದ ಟೀಚರನ್ನ ಹಿಂದೆ ಬಿದ್ದವ್ರು ಅಂತ ನೋಡೋದು ತಪ್ಪು, ಇದನ್ನ ನಾನು ಗಟ್ಟಿಯಾಗಿ ಹೇಳ್ತೀನಿ.

ಪಿಪಿಟಿ ಮಾಡ್ತೀನಿ ಅಂದ್ರಿ ಅಂತ ಅದರ ಬಗ್ಗೆನೂ ಒಂದು ಮಾತು. ರಿಚರ್ಡ್ ಮೇಯರ್ ಅನ್ನೋ ಮನಃಶಾಸ್ತ್ರಜ್ಞರು ಚಿತ್ರ, ಅಕ್ಷರ, ಧ್ವನಿ ಸೇರಿದಾಗ ಮನುಷ್ಯ ಹೇಗೆ ಕಲೀತಾನೆ ಅಂತ ವರ್ಷಾನುಗಟ್ಟಲೆ ಪ್ರಯೋಗ ಮಾಡಿದವ್ರು. ಅವರು ಕಂಡ್ಕೊಂಡಿದ್ದರಲ್ಲಿ ನಮಗೆ ಕೂಡ್ಲೇ ಉಪಯೋಗಕ್ಕೆ ಬರೋದು ಅಂದ್ರೆ, ಚಿತ್ರ ತೋರಿಸಿ ಬಾಯಲ್ಲಿ ವಿವರಿಸಿದ್ರೆ ಚೆನ್ನಾಗಿ ಅರ್ಥ ಆಗುತ್ತೆ, ಅದರ ಜೊತೆಗೆ ನೀವು ಹೇಳ್ತಿರೋ ವಾಕ್ಯಾನೇ ಸ್ಕ್ರೀನ್ ಮೇಲೂ ಪೂರ್ತಿ ಹಾಕಿದ್ರೆ ಕಲಿಕೆ ಸಾಮಾನ್ಯವಾಗಿ ಕಮ್ಮಿ ಆಗುತ್ತೆ, ಕಣ್ಣು ಚಿತ್ರ ನೋಡ್ಬೇಕಾ ಅಕ್ಷರ ಓದ್ಬೇಕಾ ಅಂತ ಒದ್ದಾಡುತ್ತೆ. ಅಂದಕ್ಕೆ ಅಂತ ಹಾಕಿರೋ ಅನಿಮೇಶನ್, ಸೌಂಡು ಕೂಡ ಹಾಗೇ. ನಿಮ್ಮ ಹಳೇ ಸ್ಲೈಡ್ ಒಂದು ತೆಗೆದು ಅರ್ಧ ಅಕ್ಷರ ಅಳಿಸಿ ನೋಡಿ, ಕ್ಲಾಸ್ ನಿಮ್ಮ ಕಡೆ ತಿರುಗುತ್ತೆ.

ಪ್ರಶ್ನೆ: ನನ್ನದು ಉಲ್ಟಾ ಸಮಸ್ಯೆ ಸರ್. ನಾನು ಕೆಲಸಕ್ಕೆ ಸೇರಿ ಜಾಸ್ತಿ ದಿನ ಆಗಿಲ್ಲ, ಟೂಲ್ಸ್ ಎಲ್ಲಾ ಚೆನ್ನಾಗಿ ಬರುತ್ತೆ, ಕಹೂಟ್ ಕ್ವಿಜ್ ಇಟ್ರೆ ಕ್ಲಾಸ್ ಕುಣಿಯುತ್ತೆ, ಮಕ್ಕಳಿಗೆ ನನ್ನ ಪೀರಿಯಡ್ ಅಂದ್ರೆ ಇಷ್ಟ. ಆದ್ರೆ ಪರೀಕ್ಷೆಯಲ್ಲಿ ಏನೂ ವ್ಯತ್ಯಾಸ ಕಾಣ್ತಿಲ್ಲ. ಎಲ್ಲಿ ಕೊರತೆ ಇರ್ಬೋದು?

ಉತ್ತರ: ನಿಮ್ಮ ಪೀರಿಯಡ್ ಅಂದ್ರೆ ಮಕ್ಕಳಿಗೆ ಇಷ್ಟ ಅನ್ನೋದು ಸಣ್ಣ ವಿಷಯ ಅಲ್ಲ, ಮೊದಲು ಅದಕ್ಕೆ ಖುಷಿ ಪಡಿ. ಇನ್ನು ವ್ಯತ್ಯಾಸ ಕಾಣದೇ ಇರೋದು ನಿಮ್ಮೊಬ್ಬರದೇ ಅನುಭವ ಅಂದ್ಕೋಬೇಡಿ. ಬೇರೆ ಬೇರೆ ದೇಶದ ಮಕ್ಕಳಿಗೆ ಇಡೋ ಪಿಸಾ ಪರೀಕ್ಷೆಯ 2012ರ ಅಂಕಿಅಂಶ ಇಟ್ಕೊಂಡು, ಅದನ್ನ ನಡೆಸೋ ಒಇಸಿಡಿ ಅನ್ನೋ ದೇಶಗಳ ಒಕ್ಕೂಟ 2015ರಲ್ಲಿ ಒಂದು ವರದಿ ಕೊಟ್ಟಿತ್ತು, ಶಾಲೆಗಳಿಗೆ ಕಂಪ್ಯೂಟರ್ ಹಾಕೋಕೆ ಜಾಸ್ತಿ ಖರ್ಚು ಮಾಡಿದ ದೇಶಗಳಲ್ಲಿ ಓದು, ಗಣಿತ, ವಿಜ್ಞಾನ ಮೂರರಲ್ಲೂ ಹೇಳ್ಕೊಳ್ಳೋ ಅಂಥ ಸುಧಾರಣೆ ಕಾಣ್ಲಿಲ್ಲ ಅಂತ. ಯಂತ್ರ ಬಂದ ಮಾತ್ರಕ್ಕೆ ಕಲಿಕೆ ಬರಲ್ಲ ಅಂತ ದೇಶದ ಮಟ್ಟದಲ್ಲೇ ಕಂಡಿರೋದು, ಒಂದು ಕ್ಲಾಸಲ್ಲಿ ಕಾಣೋದು ಆಶ್ಚರ್ಯ ಏನಲ್ಲ.

ಆದ್ರೆ ಕ್ವಿಜ್ ಅನ್ನೋದು ಒಳ್ಳೇ ಆಯುಧ, ಅದನ್ನ ಬಿಡ್ಬೇಡಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನೋ ಇಬ್ರು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದ್ರು. ಒಂದು ಪಾಠಾನ ಕೆಲವರು ಎರಡು ಸಲ ಓದಿದ್ರು, ಕೆಲವರು ಒಂದು ಸಲ ಓದಿ ಪುಸ್ತಕ ಮುಚ್ಚಿ ನೆನಪಿದ್ದಿದ್ದನ್ನ ಬರೆದ್ರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ಪೂರ್ತಿ ಉಲ್ಟಾ, ನೆನಪಿಂದ ಬರೆದವರಿಗೆ 56 ಪರ್ಸೆಂಟ್, ಓದಿದವರಿಗೆ 42. ಅಂದ್ರೆ ನೆನಪಿಂದ ಎಳೆದು ತೆಗೆಯೋ ಕೆಲಸಾನೇ ನೆನಪನ್ನ ಗಟ್ಟಿ ಮಾಡುತ್ತೆ. ಈಗ ನಿಮ್ಮ ಕ್ವಿಜ್ ನೋಡಿ. ನಾಲ್ಕು ಬಣ್ಣದ ಡಬ್ಬಿಯಲ್ಲಿ ಉತ್ತರ ಎದುರಿಗೇ ಇದೆ, ಬೇಗ ಒತ್ತಿದವರಿಗೆ ಪಾಯಿಂಟ್ ಜಾಸ್ತಿ, ಅದೂ ಅವತ್ತಿನ ಪಾಠ ಅವತ್ತೇ. ನಿಧಾನವಾಗಿ ಯೋಚಿಸೋ ಮಗು ಮೂರನೇ ಪ್ರಶ್ನೆಗೇ ಕೈಬಿಡುತ್ತೆ, ಯಾರೋ ನಾಲ್ಕೈದು ಜನ ಕುಣೀತಾರೆ, ಕ್ಲಾಸ್ ಪೂರ್ತಿ ಕುಣೀತಿದೆ ಅಂತ ನಮಗನ್ಸುತ್ತೆ. ಟೈಮರ್ ಉದ್ದ ಮಾಡಿ, ಸ್ಪೀಡಿಗೆ ಪಾಯಿಂಟ್ ಕೊಡೋದನ್ನ ತೆಗೀರಿ, ಹೋದ ವಾರದ ಮತ್ತು ಹೋದ ತಿಂಗಳ ಪ್ರಶ್ನೆ ಬೆರೆಸಿ, ಕೆಲವು ಪ್ರಶ್ನೆಗೆ ಆಯ್ಕೆ ಕೊಡದೇ ಉತ್ತರ ಟೈಪ್ ಮಾಡಿಸಿ ಇಲ್ಲಾ ಹಾಳೆ ಮೇಲೆ ಬರೆಸಿ.

ಆಮೇಲೆ ಕ್ವಿಜ್ ಮುಗಿದ್ಮೇಲೆ ಬರೋ ರಿಪೋರ್ಟನ್ನ ನೀವು ತೆರೆದು ನೋಡ್ತೀರಾ? ನಿಮ್ಮ ಪತ್ರದಲ್ಲಿ ಅದರ ಸುದ್ದಿ ಇಲ್ಲ ಅಂತ ಕೇಳ್ತಿದೀನಿ. ಯಾವ ತಪ್ಪು ಆಯ್ಕೆಯನ್ನ ಜಾಸ್ತಿ ಜನ ಒತ್ತಿದ್ದಾರೆ ಅಂತ ನೋಡೋದರಲ್ಲೇ ಅರ್ಧ ಉಪಯೋಗ ಇರೋದು. ಹಾರ್ವರ್ಡಿನ ಎರಿಕ್ ಮಜೂರ್ ಅನ್ನೋ ಫಿಸಿಕ್ಸ್ ಪ್ರೊಫೆಸರ್ 1991ರಿಂದ ಒಂದು ವಿಧಾನ ನಡೆಸ್ಕೊಂಡು ಬಂದ್ರು, ಪ್ರಶ್ನೆ ಹಾಕೋದು, ಎಲ್ರೂ ಒಬ್ಬೊಬ್ಬರೇ ಉತ್ತರ ಕೊಡೋದು, ಸರಿ ಉತ್ತರ ಸುಮಾರು 30ರಿಂದ 70 ಪರ್ಸೆಂಟ್ ನಡುವೆ ಬಂದ್ರೆ ಟೀಚರ್ ಏನೂ ಹೇಳದೆ ಪಕ್ಕದವರ ಜೊತೆ ವಾದ ಮಾಡಿ ಅಂತ ಬಿಡೋದು, ಆಮೇಲೆ ಇನ್ನೊಂದು ಸಲ ಉತ್ತರ ತಗೊಳ್ಳೋದು. 30ಕ್ಕಿಂತ ಕಮ್ಮಿ ಬಂದ್ರೆ ಪಾಠಾನೇ ಮತ್ತೆ, 70 ದಾಟಿದ್ರೆ ಚುಟುಕಾಗಿ ವಿವರಿಸಿ ಮುಂದಕ್ಕೆ. ಇದಕ್ಕೆ ಫೋನೂ ಆಗುತ್ತೆ, ಎ ಬಿ ಸಿ ಡಿ ಬರೆದ ಕಾರ್ಡ್ ಎತ್ತಿಸಿದ್ರೂ ಆಗುತ್ತೆ. ಒಳ್ಳೇ ಪ್ರಶ್ನೆ ಹೊಂದಿಸೋದಕ್ಕೇ ಜಾಸ್ತಿ ಹೊತ್ತು ಬೇಕು. ನೀವು ಟೂಲ್ ಬೇಗ ಕಲೀತೀರಿ, ಹಾಗಾಗಿ ಉಳಿಯೋ ಟೈಮನ್ನ ಅದಕ್ಕೆ ಹಾಕಿ, ಸಾಧ್ಯ ಆದ್ರೆ ಅದೇ ಸಬ್ಜೆಕ್ಟಿನ ಹಿರಿಯ ಟೀಚರ್ ಜೊತೆ ಕೂತು ಮಾಡಿ. ಮಕ್ಕಳು ಯಾವ ತಪ್ಪು ಮಾಡ್ತಾರೆ ಅಂತ ಅವರಿಗೆ ಬಾಯಲ್ಲೇ ಇರುತ್ತೆ, ಅದನ್ನ ತಪ್ಪು ಆಯ್ಕೆಗಳಾಗಿ ಹಾಕೋಕೆ ನಿಮಗೆ ಬರುತ್ತೆ.

ಪ್ರಶ್ನೆ: ಕ್ಲಾಸಲ್ಲಿ ಏನಾದ್ರೂ ಕೈಕೊಟ್ರೆ ಮಕ್ಕಳೇ ಬಂದು ಸರಿಮಾಡ್ತಾರೆ. ಅವರಿಗೆ ನಮಗಿಂತ ಜಾಸ್ತಿ ಗೊತ್ತಿರುವಾಗ ನಾವು ಅವರಿಗೆ ಟೆಕ್ನಾಲಜಿ ಬಗ್ಗೆ ಏನು ಹೇಳ್ಕೊಡೋದು?

ಉತ್ತರ: ಸರಿಮಾಡ್ಲಿ ಬಿಡಿ, ಅದರಲ್ಲಿ ನಿಮ್ಮ ಗೌರವ ಕಮ್ಮಿ ಆಗೋ ಅಂಥದ್ದು ಏನೂ ಇಲ್ಲ, ಆ ಮಗುಗೆ ಒಂದು ಜವಾಬ್ದಾರಿ ಸಿಕ್ಕ ಹಾಗಾಯ್ತು. ಆದ್ರೆ ಈಗಿನ ಮಕ್ಕಳು ಹುಟ್ತಾನೇ ಡಿಜಿಟಲ್ ಅನ್ನೋ ಮಾತನ್ನ ನಂಬ್ಬೇಡಿ, 2001ರ ಹೊತ್ತಿಗೆ ಶುರುವಾದ ಮಾತದು, ಅಳೆದು ನೋಡಿದಾಗ ನಿಂತಿಲ್ಲ. ಐಸಿಐಎಲ್‌ಎಸ್ ಅಂತ ಒಂದು ಅಂತರರಾಷ್ಟ್ರೀಯ ಪರೀಕ್ಷೆ ಇದೆ, ಎಂಟನೇ ತರಗತಿ ಮಕ್ಕಳಿಗೆ ಕಂಪ್ಯೂಟರ್ ಮೇಲೇ ಕೆಲಸ ಕೊಟ್ಟು ನೋಡ್ತಾರೆ. 2018ರ ಸುತ್ತಿನಲ್ಲಿ ಅತಿ ಮೇಲಿನ ಮಟ್ಟ ಮುಟ್ಟಿದವರು ಸರಾಸರಿ 2 ಪರ್ಸೆಂಟ್. ಆ ಮಟ್ಟದಲ್ಲಿ ಕೇಳೋದು ಏನಂದ್ರೆ ಸಿಕ್ಕಿದ ಮಾಹಿತಿಯನ್ನ ತೂಗಿ ನೋಡೋದು, ಬೇಕಾದ್ದನ್ನ ಆರಿಸಿ ಓದೋರಿಗೆ ತಕ್ಕ ಹಾಗೆ ಜೋಡಿಸೋದು. ಇದು ಯಾರು ಬರೆದಿದ್ದು, ಯಾಕೆ ಬರೆದಿರ್ಬೋದು, ಬೇರೆ ಕಡೆ ಏನು ಹೇಳಿದ್ದಾರೆ, ಈ ಫೋಟೋ ಆ ಘಟನೆಯದೇನಾ, ಇವನ್ನ ಕೇಳೋ ಅಭ್ಯಾಸ ಫೋನ್ ಹಿಡಿದ ಮಾತ್ರಕ್ಕೆ ಬರಲ್ಲ, ಟೀಚರ್ ಕಲಿಸ್ಬೇಕು. ಅದು ನಿಮಗೆ ಬರುತ್ತೆ, ಕೇಬಲ್ ಎಲ್ಲಿ ಸಿಕ್ಕಿಸೋದು ಅಂತ ಗೊತ್ತಿಲ್ಲದೇ ಇದ್ರೂ ಬರುತ್ತೆ.

ಪ್ರಶ್ನೆ: ಪ್ರಶ್ನೆಪತ್ರಿಕೆ, ಪಾಠದ ಯೋಜನೆ ಎಲ್ಲಾ ಚಾಟ್‌ಜಿಪಿಟಿಯಲ್ಲಿ ಮಾಡ್ಕೋತಿದೀನಿ. ಇದನ್ನ ನನ್ನ ಸ್ಕಿಲ್ ಅಂತ ಬರ್ಕೋಬೋದಾ? ಮಕ್ಕಳು ಅದರಲ್ಲೇ ಬರ್ಕೊಂಡು ಬಂದ್ರೆ ಹಿಡಿಯೋದು ಹೇಗೆ?

ಉತ್ತರ: ಅದು ಕೊಟ್ಟಿದ್ದನ್ನ ಪ್ರತಿಯೊಂದು ಪ್ರಶ್ನೆನೂ ನೀವೇ ಬಿಡಿಸಿ ನೋಡಿ ತಪ್ಪು ತೆಗೆದು ನಿಮ್ಮ ಕ್ಲಾಸಿಗೆ ಹೊಂದಿಸಿದ್ರೆ ಧಾರಾಳವಾಗಿ ಬರ್ಕೊಳ್ಳಿ. ಉತ್ತರಾನ ಭಾರೀ ಧೈರ್ಯವಾಗಿ ತಪ್ಪು ಹೇಳೋದು ಅದರ ಗುಣ, ಲೆಕ್ಕದಲ್ಲೂ ಇಸವಿಯಲ್ಲೂ ಹಾಗೆ ಮಾಡುತ್ತೆ, ಸಬ್ಜೆಕ್ಟ್ ಗಟ್ಟಿ ಇದ್ದವರಿಗೆ ಮಾತ್ರ ಅದು ಕಾಣೋದು. ಇನ್ನೊಂದು, ಮಕ್ಕಳ ಹೆಸರು, ಮಾರ್ಕ್ಸ್, ಮನೆ ವಿಷಯ ಯಾವುದನ್ನೂ ಅಲ್ಲಿ ಹಾಕ್ಬೇಡಿ, ಆ ಮಕ್ಕಳು ನಮ್ಮನ್ನ ನಂಬಿ ಕೂತಿರೋರು.

ಹಿಡಿಯೋ ಸಾಫ್ಟ್‌ವೇರ್ ಮೇಲೆ ಭರವಸೆ ಇಡ್ಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿನೇ ಇಂಥದ್ದೊಂದನ್ನ ಬಿಟ್ಟು, ಸರಿಯಾಗಿ ಗುರುತಿಸ್ತಿಲ್ಲ ಅಂತ 2023ರ ಜುಲೈನಲ್ಲಿ ವಾಪಸ್ ತಗೊಳ್ತು. ಕಷ್ಟಪಟ್ಟು ತಾನೇ ಬರೆದ ಮಗುವನ್ನ ಕಳ್ಳ ಅಂದುಬಿಟ್ರೆ ಆ ಮಗು ಮತ್ತೆ ನಿಮ್ಮ ಹತ್ರ ಬರಲ್ಲ. ಬರೆದಿದ್ದರ ಬಗ್ಗೆ ಎರಡು ನಿಮಿಷ ಕೂರಿಸಿ ಕೇಳಿ, ಈ ಸಾಲು ಯಾಕೆ ಹಾಕಿದೆ, ಇದಕ್ಕೆ ಇನ್ನೊಂದು ಉದಾಹರಣೆ ಹೇಳು ಅಂತ. ಒಂದಷ್ಟು ಬರವಣಿಗೆ ಕ್ಲಾಸಲ್ಲೇ ಕೈಯಲ್ಲೇ ಬರೆಸಿ.

ಪ್ರಶ್ನೆ: ಪಾಠದ ಮಧ್ಯೆ ಇಂಟರ್ನೆಟ್ ಹೋಗುತ್ತೆ, ಅಲ್ಲಿಗೆ ಪೀರಿಯಡ್ ಮುಗೀತು. ಏನ್ ಮಾಡೋದು?

ಉತ್ತರ: ಫೆಟ್ ಸಿಮ್ಯುಲೇಶನ್ ಡೌನ್‌ಲೋಡ್ ಮಾಡಿಟ್ಕೋಬೋದು, ಗಣಿತದವರಿಗೆ ಜಿಯೋಜೀಬ್ರಾ ಅನ್ನೋ ಸಾಫ್ಟ್‌ವೇರ್ ಕಂಪ್ಯೂಟರ್‌ಗೇ ಇನ್‌ಸ್ಟಾಲ್ ಆಗುತ್ತೆ, ಎರಡಕ್ಕೂ ಆಮೇಲೆ ನೆಟ್ ಬೇಡ. ಹಿಂದಿನ ದಿನ ಕ್ಲಾಸಿನ ಕಂಪ್ಯೂಟರಲ್ಲೇ ನೆಟ್ ತೆಗೆದು ಓಡಿಸಿ ನೋಡಿ. ಪಾಠದ ಮುಖ್ಯ ಪ್ರಶ್ನೆಯನ್ನ ಸ್ಕ್ರೀನಲ್ಲಿ ಇಡ್ದೆ ಕಪ್ಪು ಹಲಗೆ ಮೇಲೆ ಮೊದಲೇ ಬರೆದುಬಿಡಿ, ಸ್ಕ್ರೀನ್ ಆರಿದ್ರೂ ಪ್ರಶ್ನೆ ಅಲ್ಲೇ ಇರುತ್ತೆ, ಮಕ್ಕಳು ಊಹೆ ಬರೆಯೋದು, ಪಕ್ಕದವರ ಜೊತೆ ಮಾತಾಡೋದು ಇದಕ್ಕೆಲ್ಲ ನೆಟ್ ಬೇಕಾಗಲ್ಲ. ಉತ್ತರ ತೋರಿಸೋದು ನಾಳೆಗೆ ಉಳಿದ್ರೂ ನಷ್ಟ ಇಲ್ಲ, ಏನ್ ಬರುತ್ತೋ ಅಂತ ಕಾಯ್ಕೊಂಡು ಬರ್ತಾರೆ.